ಶೊಹ್ರೆಯ ದನಿ

'ಹೌಸ್ ಆಫ್ ಸ್ಯಾಂಡ್ ಅಂಡ್ ಫಾಗ್' ಸಿನಿಮಾದಲ್ಲಿ ಒಂದು ಪುಟ್ಟ ದೃಶ್ಯವಿದೆ. ತೆರಿಗೆಯ ಗೊಂದಲದಲ್ಲಿ ಮನೆ ಕಳೆದುಕೊಂಡ ಕ್ಯಾಥಿ ಎಂಬ ಹುಡುಗಿ ಸಿಟ್ಟಿನಲ್ಲಿ ಆ ಮನೆಯ ಹತ್ತಿರ ಬಂದು ಮೊಳೆ ತುಳಿದುಬಿಡುತ್ತಾಳೆ. ಹರಾಜಿನಲ್ಲಿ ಅದೇ ಮನೆ ಕೊಂಡುಕೊಂಡಿರುವ ಇರಾನಿ ಕುಟುಂಬದ ಹೆಂಗಸು ನಾದಿ ಅವಳನ್ನು ಒಳಗೆ ಕರೆತಂದು, ಗಾಯ ತೊಳೆದು, ಪಟ್ಟಿ ಕಟ್ಟುತ್ತಾಳೆ. ನಾದಿಗೆ ಇಂಗ್ಲಿಷ್ ಸರಿಯಾಗಿ ಬಾರದು. ಒಂದೊಂದು ಪದವನ್ನೂ ಹುಡುಕಿ, ಎತ್ತಿ, ಎದುರಿಗಿದ್ದವರ ಮುಖ ನೋಡಿ, ಸರಿಯಿದೆಯೇ ಎಂದು ಕಣ್ಣಲ್ಲೇ ಕೇಳಿ ಆಮೇಲೆ ಕೊಡುತ್ತಾಳೆ. ಆ ಹೆಂಗಸು ಮಾಡಿದ್ದು ಅಷ್ಟೇ. ನಾನು ಅಲ್ಲಿಗೇ ಡಿವಿಡಿ ನಿಲ್ಲಿಸಿ ಎದ್ದುಹೋಗಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಕಾರಣ ನನ್ನ ಅಮ್ಮ. ಅಪ್ಪನಿಗೆ ಬ್ಯಾಂಕಿನ ಕೆಲಸ. ನನಗೆ ಏಳು ವರ್ಷವಿದ್ದಾಗ ಮೈಸೂರಿನಿಂದ ನಾಗಪುರಕ್ಕೆ ವರ್ಗವಾಯಿತು. ಕನ್ನಡದಲ್ಲಿ ಅಮ್ಮನನ್ನು ಮಾತಿನಲ್ಲಿ ಗೆದ್ದವರು ನಮ್ಮ ಇಡೀ ಬಳಗದಲ್ಲಿ ಯಾರೂ ಇರಲಿಲ್ಲ. ತರಕಾರಿಯವನ ಜೊತೆ ಚೌಕಾಸಿಗೆ ನಿಂತರೆ ಬೀದಿಯವರು ಕೇಳಲು ಬಾಗಿಲಿಗೆ ಬರುತ್ತಿದ್ದರು. ನಾಗಪುರದಲ್ಲಿ ಅದೇ ಅಮ್ಮನಿಗೆ 'ಹಾಂ ಜೀ', 'ನಹೀ ಜೀ', 'ಕಿತ್ನಾ' ಎಂಬ ಮೂರು ಮಾತು ಉಳಿದವು. ಅಕ್ಕಪಕ್ಕದವರು ಅವಳನ್ನು ತುಂಬಾ ಸಾಧು ಹೆಂಗಸು ಎಂದುಕೊಂಡರು. ಅಮ್ಮ ಸಾಧುವಾಗಿರಲಿಲ್ಲ. ಅವಳ ಮಾತು ಮೈಸೂರಿನಲ್ಲಿ ಉಳಿದುಬಿಟ್ಟಿತ್ತು, ಅಷ್ಟೇ. ನಾದಿಯ ಮುಖದಲ್ಲಿ ನಾನು ಕಂಡದ್ದು ಅದನ್ನು. ಈ ನಟಿ ಪೆದ್ದಿಯೊಬ್ಬಳ ಪಾತ್ರ ಮಾಡುತ್ತಿಲ್ಲ, ತನ್ನ ಭಾಷೆಯಲ್ಲಿ ಭಾರೀ ಮಾತುಗಾರ್ತಿಯಾಗಿದ್ದವಳೊಬ್ಬಳು ಬೇರೆ ಭಾಷೆಯಲ್ಲಿ ಕುಗ್ಗಿರುವುದನ್ನು ತೋರಿಸುತ್ತಿದ್ದಾಳೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಯಾರೀಕೆ ಎಂದು ಹುಡುಕಿದೆ. ಶೊಹ್ರೆ ಅಗ್ದಷ್ಲೂ. ಅಂದಿನಿಂದ ಅವರು ಮಾಡಿದ್ದನ್ನೆಲ್ಲ, ಐದು ನಿಮಿಷದ ಪಾತ್ರವಾದರೂ, ಹುಡುಕಿ ನೋಡುತ್ತ ಬಂದಿದ್ದೇನೆ.

ಅಗ್ದಷ್ಲೂ ಹುಟ್ಟಿದ್ದು 1952ರಲ್ಲಿ, ಟೆಹ್ರಾನಿನಲ್ಲಿ. ತವರಿನ ಹೆಸರು ವಜೀರಿ ತಬಾರ್. ಚಿತ್ರಕಲಾವಿದ ಆಯ್ದೀನ್ ಅಗ್ದಷ್ಲೂ ಅವರನ್ನು ಚಿಕ್ಕ ವಯಸ್ಸಿನಲ್ಲೇ ಮದುವೆಯಾದರು. ಆ ಮದುವೆ ಮುಗಿದುಹೋದರೂ ಹೆಸರು ಉಳಿದುಕೊಂಡಿತು. ರಂಗಭೂಮಿಯಿಂದ ಬಂದವರು. ಸಿನಿಮಾಕ್ಕೆ ಕಾಲಿಟ್ಟದ್ದು 1970ರ ದಶಕದ ಮಧ್ಯದಲ್ಲಿ, ಇರಾನಿನ ಹೊಸ ಅಲೆಯ ಚಿತ್ರಗಳು ತುಂಬಿ ಹರಿಯುತ್ತಿದ್ದ ಹೊತ್ತಿನಲ್ಲಿ.

ಆ ಕಾಲದ ಮೂರು ಚಿತ್ರಗಳ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಅಮೆರಿಕದ ಪತ್ರಿಕೆಗಳು ಅವರನ್ನು ಪರಿಚಯಿಸುವಾಗ ಇವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ಮೊದಲನೆಯದು ಮೊಹಮ್ಮದ್ ರೆಜಾ ಅಸ್ಲಾನಿಯವರ 'ಶತ್ರಂಜೆ ಬಾದ್', ಅಂದರೆ ಗಾಳಿಯ ಚದುರಂಗ, 1976ರದು. (ನಮ್ಮ ಚತುರಂಗವೇ ಪರ್ಷಿಯಾಕ್ಕೆ ಹೋಗಿ ಶತ್ರಂಜ್ ಆದದ್ದು. ಹೆಸರು ಓದಿದಾಗಲೇ ನನಗೆ ನಂಟಿನವರ ಮನೆಗೆ ಹೋದಂತಾಯಿತು.) ಹಳೆಯ ಸಿರಿವಂತ ಮನೆತನವೊಂದು ಆಸ್ತಿಯ ಆಸೆಯಲ್ಲಿ ಒಳಗಿಂದೊಳಗೇ ಕುಸಿಯುವ ಕಥೆ. ಅದರಲ್ಲಿ ಅಗ್ದಷ್ಲೂ ಮನೆಯ ದಾಸಿ. ಮಾತು ಕಡಿಮೆ, ಆದರೆ ಮೊಂಬತ್ತಿಯ ಬೆಳಕಿನಲ್ಲಿ ಅವರ ಕಣ್ಣು ಆ ಮನೆಯ ಲೆಕ್ಕವನ್ನೆಲ್ಲ ಬರೆದಿಟ್ಟುಕೊಳ್ಳುತ್ತಿರುತ್ತದೆ. ಟೆಹ್ರಾನಿನ ಚಿತ್ರೋತ್ಸವದಲ್ಲಿ ತೋರಿಸಿದಾಗ ಯಾರಿಗೂ ಹಿಡಿಸಲಿಲ್ಲ. 1979ರ ಕ್ರಾಂತಿಯ ನಂತರ ನಿಷೇಧವಾಯಿತು, ಪ್ರತಿಗಳೂ ಕಾಣೆಯಾದವು. ದಶಕಗಳು ಕಳೆದ ಮೇಲೆ, 2014ರಲ್ಲಿ, ನಿರ್ದೇಶಕರ ಮಗನಿಗೆ ಟೆಹ್ರಾನಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅದರ ಮೂಲ ರೀಲುಗಳು ಸಿಕ್ಕವು. 2020ರಲ್ಲಿ ಅದನ್ನು ಶುದ್ಧಗೊಳಿಸಿ ಜಗತ್ತಿಗೆ ತೋರಿಸಿದರು. ಇಪ್ಪತ್ತನಾಲ್ಕರ ಹುಡುಗಿಯಾಗಿ ಮಾಡಿದ ಪಾತ್ರ ಅರವತ್ತೆಂಟರಲ್ಲಿ ಮರಳಿ ಬರುವುದೆಂದರೆ ಅದು ಎಂಥ ಭೇಟಿಯಾಗಿರಬೇಕು.

ಎರಡನೆಯದು ಅಬ್ಬಾಸ್ ಕಿಯಾರೊಸ್ತಮಿಯವರ 'ಗೊಜಾರೆಶ್', 1977. ಗೊಜಾರೆಶ್ ಎಂದರೆ ವರದಿ. ತೆರಿಗೆ ಕಚೇರಿಯ ನೌಕರನೊಬ್ಬನ ಮೇಲೆ ಲಂಚದ ಆರೋಪ ಬರುತ್ತದೆ. ಮನೆಯಲ್ಲಿ ಹೆಂಡತಿ ಆಜಮ್ ಜೊತೆಗಿನ ಸಂಸಾರ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆಜಮ್ ಆಗಿ ಅಗ್ದಷ್ಲೂ ಗಂಡನ ಜೊತೆ ಆಡುವ ಜಗಳ ಸಿನಿಮಾ ಜಗಳದಂತಿಲ್ಲ, ಗೋಡೆಯಾಚೆ ಪಕ್ಕದ ಮನೆಯಿಂದ ಕೇಳಿಬರುವ ಜಗಳದಂತಿದೆ. ಇದರ ಒಳ್ಳೆಯ ಪ್ರತಿಯೂ ನಾಶವಾಗಿ, ವರ್ಷಾನುಗಟ್ಟಲೆ ಮಸುಕಾದ ಒಂದು ನಕಲೇ ಓಡಾಡುತ್ತಿತ್ತು. ಮೂರನೆಯದು ಅಲಿ ಹಾತಮಿಯವರ 'ಸೂತೆ ದೆಲಾನ್', ಸುಟ್ಟ ಎದೆಯವರು. ಅಲ್ಲಿ ನಟ ಬೆಹ್ರೂಜ್ ವೊಸೂಗಿಯವರ ಎದುರು ಸೂಳೆಗೇರಿಯ ಹೆಣ್ಣಿನ ಪಾತ್ರ. ದಾಸಿ, ಗೃಹಿಣಿ, ವೇಶ್ಯೆ. ಮೂರೇ ಚಿತ್ರಗಳಲ್ಲಿ ಒಬ್ಬ ನಟಿ ಎಷ್ಟು ದೂರ ನಡೆಯಬಲ್ಲಳು ಎಂದು ತೋರಿಸಿಯಾಗಿತ್ತು.

ಆಮೇಲೆ 1979. ದೊರೆ ಶಾ ದೇಶ ಬಿಟ್ಟರು, ಧರ್ಮಗುರು ಖೊಮೇನಿ ಬಂದರು. ಅಗ್ದಷ್ಲೂ ಕಾರು ಹತ್ತಿ ಟರ್ಕಿ ದಾಟಿ, ಯುರೋಪಿನ ರಸ್ತೆಗಳಲ್ಲಿ ಸಾಗಿ ಇಂಗ್ಲೆಂಡ್ ಸೇರಿದರು. ಅಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಪದವಿ ಮಾಡಿದರು. ನಟಿಯೊಬ್ಬಳು ನಟನೆಯನ್ನು ಕೆಳಗಿಟ್ಟು ರಾಜಕೀಯ ಓದಲು ಕೂತದ್ದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಊರೇ ಕೈತಪ್ಪಿಹೋದಾಗ ಅದು ಯಾಕೆ ತಪ್ಪಿತು ಎಂದು ಮೊದಲು ತಿಳಿಯಬೇಕು ಅನ್ನಿಸಿರಬಹುದು. ಮುಂದೆ ವಿಶ್ವಸಂಸ್ಥೆಯನ್ನೇ ಆಳುವ ಪಾತ್ರ ಕೈಗೆ ಬಂದಾಗ ಆ ಓದು ವ್ಯರ್ಥವಾಗಲಿಲ್ಲ ಎಂದೇ ನನ್ನ ನಂಬಿಕೆ.

1980ರ ದಶಕದಲ್ಲಿ ಲಾಸ್ ಏಂಜಲಿಸ್. ಇರಾನಿನಿಂದ ಬಂದವರು ಅಲ್ಲಿ ಎಷ್ಟು ನೆಲೆಸಿದರೆಂದರೆ ಊರಿಗೆ 'ಟೆಹ್ರಾಂಜಲಿಸ್' ಎಂಬ ಅಡ್ಡಹೆಸರೇ ಬಿತ್ತು. ವೆಸ್ಟ್‌ವುಡ್‌ನಲ್ಲಿ ಪರ್ಷಿಯನ್ ಪುಸ್ತಕದಂಗಡಿ, ಕಬಾಬ್, ಕೇಸರಿ ಐಸ್‌ಕ್ರೀಮು. ಆದರೆ ಆ ಊರಿನ ಆಚೆಗಿನ ಅಮೆರಿಕಕ್ಕೆ ಇರಾನ್ ಎಂದರೆ ಟೆಹ್ರಾನಿನ ರಾಯಭಾರ ಕಚೇರಿಯಲ್ಲಿ 52 ಮಂದಿಯನ್ನು 444 ದಿನ ಒತ್ತೆಯಿಟ್ಟ ದೇಶ. ಆ ನೆನಪು ಹಸಿಯಾಗಿರುವಾಗ ಇರಾನಿ ಉಚ್ಚಾರದ ನಟಿಗೆ ಹಾಲಿವುಡ್ ಏನು ಕೊಟ್ಟೀತು? ಅಗ್ದಷ್ಲೂ ನಾಟಕಕಾರ ಮತ್ತು ನಟ ಹೂಶಂಗ್ ತೌಜಿಯವರನ್ನು 1987ರಲ್ಲಿ ಮದುವೆಯಾದರು. ಇಬ್ಬರೂ ಫಾರಸಿ ನಾಟಕ ಕಟ್ಟಿಕೊಂಡು ದೇಶದೇಶ ಸುತ್ತಿದರು. ಚದುರಿಹೋದ ಇರಾನಿಗಳು ಎಲ್ಲೆಲ್ಲಿದ್ದರೋ ಅಲ್ಲೆಲ್ಲ. ಇಂಗ್ಲಿಷಿನಲ್ಲಿ ಆ ವರ್ಷಗಳ ಸಿನಿಮಾ ಪಟ್ಟಿ ನೋಡಿದರೆ ಹೆಚ್ಚು ಕಡಿಮೆ ಖಾಲಿ. ಖಾಲಿ ಎಂದು ಬರೆಯುವವರು ಫಾರಸಿ ಓದುವುದಿಲ್ಲ. ಆ ವರ್ಷಗಳಲ್ಲಿ ಆಕೆ ತನ್ನ ಜನರೆದುರು, ತನ್ನ ಭಾಷೆಯಲ್ಲಿ, ರಂಗದ ಮೇಲಿದ್ದರು.

ಹೀಗೆ ಐವತ್ತು ದಾಟಿತು. ಐವತ್ತೊಂದರಲ್ಲಿ, 2003ರಲ್ಲಿ, ನಾದಿ ಬಂದಳು. ಗಂಡ ಕರ್ನಲ್ ಬೆಹ್ರಾನಿ, ಶಾ ಕಾಲದ ವಾಯುಪಡೆಯ ಅಧಿಕಾರಿ, ಈಗ ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ಕೆಲಸದ ಕೂಲಿ. ಮಾಡುವವರು ಬೆನ್ ಕಿಂಗ್ಸ್ಲಿ, ಹುಟ್ಟುಹೆಸರು ಕೃಷ್ಣ ಭಾಂಜಿ, ತಂದೆಯ ಕಡೆಯಿಂದ ಗುಜರಾತಿ ಮೂಲ. ಗುಜರಾತಿ ರಕ್ತದ ಇಂಗ್ಲಿಷ್ ನಟ ಇರಾನಿ ಕರ್ನಲ್ ಆಗಿ ಅದ್ಭುತವಾಗಿಯೇ ಮಾಡಿದ್ದಾರೆ. ಆದರೆ ಅಗ್ದಷ್ಲೂ ಎದುರು ನಿಂತಾಗ ಒಂದು ವ್ಯತ್ಯಾಸ ಕಾಣುತ್ತದೆ: ಅವರು ಗೌರವ ಕಳೆದುಕೊಂಡವನ ಪಾತ್ರವನ್ನು ಕಟ್ಟುತ್ತಿದ್ದಾರೆ, ಈಕೆ ಕಳೆದುಕೊಂಡ ಊರನ್ನು ಮನೆಯಿಂದಲೇ ಹೊತ್ತುತಂದಿದ್ದಾರೆ. ನಮ್ಮನ್ನು ವಾಪಸು ಕಳಿಸಿಬಿಡುತ್ತಾರೆ ಎಂದು ನಾದಿ ಗಂಡನ ಮೇಲೆ ಫಾರಸಿಯಲ್ಲಿ ಕಿರುಚುವಾಗ ಅಲ್ಲಿಯವರೆಗೆ ಬಾಗಿದ್ದ ಬೆನ್ನು ನೆಟ್ಟಗಾಗುತ್ತದೆ, ದನಿ ಎದೆಯಿಂದ ಬರುತ್ತದೆ. ಭಾಷೆ ಬದಲಾದೊಡನೆ ಮೈ ಬದಲಾಗುವುದನ್ನು ಇಷ್ಟು ನಿಖರವಾಗಿ ತೋರಿಸಿದ ಇನ್ನೊಬ್ಬ ನಟಿಯನ್ನು ನಾನು ನೋಡಿಲ್ಲ.

ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್ ವಿಮರ್ಶಕರ ಪ್ರಶಸ್ತಿಗಳು ಬಂದವು. ಆಸ್ಕರ್‌ನ ಪೋಷಕ ನಟಿ ವಿಭಾಗಕ್ಕೆ ನಾಮನಿರ್ದೇಶನವಾಯಿತು. ನಟನೆಗಾಗಿ ಅಲ್ಲಿಗೆ ತಲುಪಿದ ಮೊದಲ ಇರಾನಿ ನಟಿ. ಪ್ರಶಸ್ತಿ ರೆನೀ ಜೆಲ್ವೆಗರ್ ಪಾಲಾಯಿತು.

ಪೋಷಕ ನಟಿ ಎಂಬ ನಮ್ಮ ಮಾತು ನನಗೆ ಬಹಳ ಇಷ್ಟ. ಪೋಷಿಸುವವಳು, ಉಣಬಡಿಸಿ ಬೆಳೆಸುವವಳು. ನಾಯಕನ ಪಕ್ಕ ನಿಂತವಳು ಎಂಬುದಕ್ಕಿಂತ ಕಥೆಗೆ ಅನ್ನ ಹಾಕುವವಳು ಎಂಬ ಅರ್ಥ ಅದರಲ್ಲಿದೆ. ಅಗ್ದಷ್ಲೂ ಇದ್ದ ಸಿನಿಮಾದಿಂದ ಅವರ ಹತ್ತು ನಿಮಿಷ ತೆಗೆದು ನೋಡಿ, ಉಳಿದದ್ದು ಸೊರಗುತ್ತದೆ.

ಆಸ್ಕರ್ ನಾಮನಿರ್ದೇಶನದ ಬೆನ್ನಿಗೆ ಬಂದದ್ದು ಏನೆಂದರೆ, '24' ಎಂಬ ಟಿವಿ ಸರಣಿಯ ನಾಲ್ಕನೇ ಸೀಸನ್, 2005. ಅಮೆರಿಕದ ಸಾಧಾರಣ ಬಡಾವಣೆಯಲ್ಲಿ ಸಾಧಾರಣ ಮನೆಯವರಂತೆ ಬದುಕುತ್ತ ದಾಳಿಗೆ ಕಾದಿರುವ ಕುಟುಂಬ. ಅದರಲ್ಲಿ ತಾಯಿ ದೀನಾ ಅರಾಜ್. ಮಗನ ಪಾತ್ರ ಮಾಡಿದ ಜೊನಾಥನ್ ಅಹ್ದೂತ್ ಹಿಂದಿನ ಸಿನಿಮಾದಲ್ಲೂ ಇವರ ಮಗನೇ ಆಗಿದ್ದ ಹುಡುಗ. ಅಲ್ಲಿ ನಿರಾಶ್ರಿತರ ತಾಯಿ ಮಗ, ಇಲ್ಲಿ ಭಯೋತ್ಪಾದಕರ ತಾಯಿ ಮಗ. ಅದೇ ಎರಡು ಮುಖಗಳಿಗೆ ಒಂದೆರಡು ವರ್ಷದಲ್ಲಿ ಅಮೆರಿಕದ ಪರದೆ ಕೊಟ್ಟ ಎರಡು ಜಾಗ ಇವು. ಅಮೆರಿಕದ ಮುಸ್ಲಿಂ ಸಂಘಟನೆಗಳು ಆಕ್ಷೇಪಿಸಿದವು. ನಾಯಕ ನಟ ಕೀಫರ್ ಸದರ್‌ಲ್ಯಾಂಡ್ ಟಿವಿಯಲ್ಲಿ ಬಂದು, ದೇಶದ ಮುಸ್ಲಿಮರು ಭಯೋತ್ಪಾದನೆಯ ವಿರುದ್ಧವೇ ಇದ್ದಾರೆ ಎಂದು ವಿವರಣೆ ಕೊಡಬೇಕಾಯಿತು. ಅಗ್ದಷ್ಲೂ ಅದುವರೆಗೆ ಇಂಥ ಪಾತ್ರ ಬೇಡ ಎನ್ನುತ್ತಿದ್ದವರು. ಇದನ್ನು ಒಪ್ಪಿದ್ದು ಪಾತ್ರದಲ್ಲಿ ಪದರಗಳಿದ್ದವು ಎಂದು.

ನನಗೆ ಇಲ್ಲಿ ಎರಡು ಮನಸ್ಸು. ಆಕ್ಷೇಪ ಎತ್ತಿದವರ ನೋವು ನಿಜ. ಸೆಪ್ಟೆಂಬರ್ 11ರ ನಂತರದ ಆ ವರ್ಷಗಳಲ್ಲಿ ಅಂಥ ಕುಟುಂಬವನ್ನು ಪ್ರತಿ ವಾರ ತೋರಿಸಿದರೆ ಅದೇ ಬೀದಿಯಲ್ಲಿರುವ ನಿಜವಾದ ಕುಟುಂಬ ಏನು ಅನುಭವಿಸುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಆದರೂ ದೀನಾ ಪಾತ್ರ ನೋಡಿ. ಮಗ ಪ್ರೀತಿಸಿದ ಅಮೆರಿಕನ್ ಹುಡುಗಿಗೆ ತಾನೇ ಚಹಾದಲ್ಲಿ ವಿಷ ಬೆರೆಸಿ ಕೊಡುತ್ತಾಳೆ, ಆಮೇಲೆ ಅದೇ ಮಗನಿಗಾಗಿ ನಂಬಿದ್ದನ್ನೆಲ್ಲ ಬಿಟ್ಟು ನಿಲ್ಲುತ್ತಾಳೆ. ಬರೆದವರಿಗೆ ಅಷ್ಟೊಂದು ಮನುಷ್ಯಳು ಬೇಕಾಗಿರಲಿಲ್ಲವೇನೋ. ನಟಿ ಕೊಟ್ಟರು.

ಪರದೇಶದ ಪೋಷಕ ನಟರ ಪಾಡು ಇಷ್ಟೇ ಅಲ್ಲ, ಯಾವ ದೇಶದವರೆಂದೂ ಅವರಿಗೆ ಖಚಿತವಾಗಿ ಹೇಳುವವರಿಲ್ಲ. 2006ರ 'ಎಕ್ಸ್-ಮೆನ್: ದ ಲಾಸ್ಟ್ ಸ್ಟ್ಯಾಂಡ್' ಚಿತ್ರದಲ್ಲಿ ಅಗ್ದಷ್ಲೂ ಒಬ್ಬ ವಿಜ್ಞಾನಿ, ಹೆಸರು ಕವಿತಾ ರಾವ್! ಮಂಗಳೂರಿನಲ್ಲೋ ಧಾರವಾಡದಲ್ಲೋ ಬಾಗಿಲು ತಟ್ಟಿದರೆ ಸಿಗುವ ಹೆಸರು. ಮಶ್ಹದ್ ಊರಿನಲ್ಲಿ ಹುಟ್ಟಿದ ಮಾರ್ಷಲ್ ಮನೇಶ್ 'ಹೌ ಐ ಮೆಟ್ ಯುವರ್ ಮದರ್' ಸರಣಿಯಲ್ಲಿ ಬಾಂಗ್ಲಾದೇಶದ ಟ್ಯಾಕ್ಸಿ ಚಾಲಕ ರಂಜಿತ್ ಆಗಿ ಜಗತ್ತಿಗೆಲ್ಲ ಪರಿಚಿತರು. ಅವರೇ 'ಪೈರೇಟ್ಸ್ ಆಫ್ ದ ಕೆರಿಬಿಯನ್' ಮೂರನೇ ಚಿತ್ರದಲ್ಲಿ ಕಡಲುಗಳ್ಳರ ಒಡೆಯ ಸಂಭಾಜಿ ಆಂಗ್ರಿಯಾ. ಕೊಂಕಣದ ಮರಾಠಾ ನೌಕಾಪಡೆಯ ಆಂಗ್ರೆ ಮನೆತನದ ಹೆಸರು ಹಾಗೆ ಹಾಲಿವುಡ್ಡಿಗೆ ಹೋಗಿ ಇರಾನಿ ನಟನ ತಲೆಯ ಮೇಲೆ ಪೇಟವಾಯಿತು. ಟೆಹ್ರಾನಿನವರೇ ಆದ ಶಾನ್ ತೌಬ್ 'ಕ್ರ್ಯಾಶ್' ಚಿತ್ರದಲ್ಲಿ ಮಾಡಿದ ಅಂಗಡಿಯವ ಫರ್ಹಾದ್‌ನ ಸಂಕಟವೇ ಇದು: ಅವನು ಇರಾನಿ, ಜನ ಅವನನ್ನು ಅರಬ ಎನ್ನುತ್ತಾರೆ.

2008 ಅಗ್ದಷ್ಲೂ ಅವರ ದೊಡ್ಡ ವರ್ಷ. 'ಹೌಸ್ ಆಫ್ ಸದ್ದಾಮ್' ಎಂಬ ಕಿರುಸರಣಿಯಲ್ಲಿ ಸದ್ದಾಮ್ ಹುಸೇನ್ ಹೆಂಡತಿ ಸಾಜಿದಾ. ಇರಾನ್ ಇರಾಕ್ ಯುದ್ಧ ಎಂಟು ವರ್ಷ ನಡೆದದ್ದು ನೆನಪಿದ್ದವರಿಗೆ, ಇರಾನಿ ನಟಿ ಸದ್ದಾಮನ ಹೆಂಡತಿಯಾಗುವುದು, ಸದ್ದಾಮನಾಗಿ ಇಸ್ರೇಲಿನ ಯಿಗಾಲ್ ನಾವೊರ್ ಎದುರು ನಿಲ್ಲುವುದು ಎಂಥದ್ದೆಂದು ಅರ್ಥವಾದೀತು. ಅದಕ್ಕೆ 2009ರಲ್ಲಿ ಎಮ್ಮಿ, ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿ, ಬಂತು. ಅದೇ 2008ರಲ್ಲಿ 'ದ ಸ್ಟೋನಿಂಗ್ ಆಫ್ ಸೊರಾಯಾ ಎಮ್'. ಗಂಡನ ಪಿತೂರಿಗೆ ಸಿಕ್ಕ ಹೆಣ್ಣೊಬ್ಬಳನ್ನು ಹಳ್ಳಿಯವರು ಕಲ್ಲು ಹೊಡೆದು ಕೊಂದ ಕಥೆ. ಅವಳ ಚಿಕ್ಕಮ್ಮ ಜಹ್ರಾ, ಕಾರು ಕೆಟ್ಟು ಹಳ್ಳಿಯಲ್ಲಿ ನಿಂತ ಪತ್ರಕರ್ತನನ್ನು ಹೇಗೋ ಒಳಗೆ ಕರೆದು ಟೇಪ್ ರೆಕಾರ್ಡರ್ ಎದುರು ಎಲ್ಲವನ್ನೂ ಹೇಳುತ್ತಾಳೆ. ತನ್ನ ದನಿಯನ್ನು ಈ ಊರಿನಿಂದ ಆಚೆಗೆ ಒಯ್ಯಲಿ ಎಂದು. ಆ ಚಿತ್ರವನ್ನು ನಾನು ಎರಡನೇ ಸಲ ನೋಡಿಲ್ಲ. ನೋಡಲಾರೆ. ಆದರೆ ಆ ದನಿ ಕಿವಿಯಲ್ಲಿದೆ.

ದನಿಯ ಬಗ್ಗೆ ಹೇಳಲೇಬೇಕು. ಒಡೆದ, ಒರಟು, ಹೊಗೆ ಹಿಡಿದ, ಆಳದ ದನಿ ಅದು. ಹಳೆಯ ಮನೆಯ ಭಾರವಾದ ಮರದ ಬಾಗಿಲು ತೆರೆದಂತೆ. ಹೆಣ್ಣಿನ ದನಿ ಇಂಪಾಗಿರಬೇಕು ಎಂದು ಕೂತವರಿಗೆ ಅದು ಒಗ್ಗದು. 'ಮಾಸ್ ಎಫೆಕ್ಟ್' ಎಂಬ ವಿಡಿಯೊ ಆಟದಲ್ಲಿ, 'ಆರ್ಕೇನ್' ಎಂಬ ಆನಿಮೇಷನ್ ಸರಣಿಯಲ್ಲಿ, 2024ರ 'ಡ್ಯಾಮ್ಸೆಲ್' ಚಿತ್ರದ ಡ್ರ್ಯಾಗನ್‌ಗೆ ಕೂಡ ಆ ದನಿಯನ್ನು ಕೊಟ್ಟಿದ್ದಾರೆ. ಉಚ್ಚಾರದ ಕಾರಣಕ್ಕೆ ಬಾಗಿಲು ಮುಚ್ಚಿದ್ದ ಊರಿನಲ್ಲೇ ಮುಖವಿಲ್ಲದೆ ಬರಿಯ ದನಿಗಾಗಿ ಹುಡುಕಿ ಬರುವಂತಾಯಿತು.

ಮತ್ತೆ 'ದ ಎಕ್ಸ್‌ಪ್ಯಾನ್ಸ್'. ಜೇಮ್ಸ್ ಎಸ್. ಎ. ಕೋರಿ ಎಂಬ ಹೆಸರಿನಲ್ಲಿ ಇಬ್ಬರು ಸೇರಿ ಬರೆದ ಕಾದಂಬರಿಗಳ ಸರಣಿ. ಮನುಷ್ಯರು ಮಂಗಳಗ್ರಹ, ಕ್ಷುದ್ರಗ್ರಹಗಳವರೆಗೆ ಹರಡಿದ ಕಾಲ. ಭೂಮಿಯನ್ನೆಲ್ಲ ವಿಶ್ವಸಂಸ್ಥೆ ಆಳುತ್ತದೆ. ಅದರ ಮೇಲ್ಮಟ್ಟದಲ್ಲಿ ಕ್ರಿಸ್ಜೆನ್ ಅವಸರಾಲ ಎಂಬ ಭಾರತೀಯ ಮೂಲದ ಅಜ್ಜಿ. ಕ್ರಿಸ್ಜೆನ್ ಎಲ್ಲಿಂದ ಬಂತೋ, ಅವಸರಾಲ ಮಾತ್ರ ಅಚ್ಚ ತೆಲುಗು ಮನೆತನದ ಹೆಸರು. ಪುಸ್ತಕಗಳಲ್ಲಿ ಆಕೆ ಬರುವುದು ಎರಡನೇ ಭಾಗದಲ್ಲಿ. ಟಿವಿಗೆ ತರುವಾಗ ಮೊದಲ ಕಂತಿಗೇ ಎಳೆದುತಂದರು. ಮೊಮ್ಮಗನ ಜೊತೆ ಆಟವಾಡುತ್ತಿದ್ದ ಅಜ್ಜಿ ಅಲ್ಲಿಂದ ಎದ್ದು ಹೋಗಿ, ಕ್ಷುದ್ರಗ್ರಹಗಳ ಕಡೆ ಬೆಳೆದು ಭೂಮಿಯ ಗುರುತ್ವ ತಾಳಲಾರದ ಕೈದಿಯೊಬ್ಬನನ್ನು ನೇತುಹಾಕಿ ಪ್ರಶ್ನೆ ಕೇಳುತ್ತಾಳೆ. ಉಟ್ಟದ್ದು ಸೀರೆ, ಮೂಗಲ್ಲಿ ಕಿವಿಯಲ್ಲಿ ಕೈಯಲ್ಲಿ ಒಡವೆ. ಮುಂದಿನ ಸೀಸನ್‌ಗಳಲ್ಲಿ ಕೆಲವು ನಿಜವಾದ ಸೀರೆ, ಕೆಲವು ಸೀರೆಯನ್ನು ನೆನೆದು ಹೊಲಿದ ಉಡುಪು.

ಇದನ್ನು ಭಾರತೀಯ ನಟಿಗೇ ಕೊಡಬಹುದಿತ್ತು ಎಂಬ ಮಾತಿದೆ, ನ್ಯಾಯವಾದ ಮಾತೇ. ನಾನೂ ಹಾಗೆಂದುಕೊಂಡೇ ನೋಡಲು ಕೂತಿದ್ದೆ. ಕೆಲವೇ ಕಂತುಗಳಲ್ಲಿ ಆ ತಕರಾರು ನನ್ನಿಂದ ಜಾರಿಹೋಯಿತು. ಅವಸರಾಲ ಬರಿ ಮಾತಿನಿಂದ ಬದುಕುವ ಹೆಂಗಸು. ಕೈಯಲ್ಲಿ ಬಂದೂಕಿಲ್ಲ. ಗದರಿಸುತ್ತಾಳೆ, ಪುಸಲಾಯಿಸುತ್ತಾಳೆ, ಸುಳ್ಳು ಹೇಳುತ್ತಾಳೆ, ಸೇನಾಧಿಕಾರಿಗಳೆದುರು ಕೊಳಕು ಬೈಗುಳ ಬೈದು ಯುದ್ಧ ತಪ್ಪಿಸುತ್ತಾಳೆ. ಯುದ್ಧದಲ್ಲಿ ಸತ್ತ ಮಗ ಚರಣ್‌ಪಾಲ್ ಹೆಸರು ಬಂದಾಗ ಮಾತ್ರ ಒಂದು ಕ್ಷಣ ನಿಲ್ಲುತ್ತಾಳೆ. ಎಲ್ಲವೂ ಇಂಗ್ಲಿಷಿನಲ್ಲಿ, ಅದೇ ಟೆಹ್ರಾನಿನ ಉಚ್ಚಾರದಲ್ಲಿ. ಪಟ್ಟಿ ಕಟ್ಟುತ್ತ ಒಂದೊಂದೇ ಪದ ಹುಡುಕುತ್ತಿದ್ದ ನಾದಿ ಹನ್ನೆರಡು ವರ್ಷದ ನಂತರ ಅದೇ ಭಾಷೆಯಲ್ಲಿ ಭೂಮಂಡಲವನ್ನು ಆಳುತ್ತಿದ್ದಳು! 2015ರಲ್ಲಿ ಶುರುವಾದಾಗ ನಟಿಗೆ ಅರವತ್ಮೂರು. ಮೂರು ಸೀಸನ್ ಆದ ಮೇಲೆ 2018ರಲ್ಲಿ ಸಿಫಿ ವಾಹಿನಿ ಕೈಬಿಟ್ಟಿತು. ಅಭಿಮಾನಿಗಳು ದುಡ್ಡು ಹಾಕಿ ಅಮೆಜಾನ್ ಸ್ಟುಡಿಯೋ ಮೇಲೆ ವಿಮಾನದಲ್ಲಿ ಬ್ಯಾನರ್ ಹಾರಿಸಿದರು. ಅಮೆಜಾನ್ ಎತ್ತಿಕೊಂಡಿತು, 2022ರವರೆಗೆ ಒಟ್ಟು ಆರು ಸೀಸನ್ ನಡೆಯಿತು.

ಆ ವರ್ಷವೇ ಇರಾನಿನಲ್ಲಿ 'ಹೆಣ್ಣು, ಬದುಕು, ಬಿಡುಗಡೆ' ಎಂದು ಹುಡುಗಿಯರು ಬೀದಿಗಿಳಿದರು. ಅಗ್ದಷ್ಲೂ ಅವರ ಪರ ಎಲ್ಲೆಡೆ ಮಾತಾಡಿದರು. ಕೆಲಸವೂ ನಿಂತಿಲ್ಲ. 2024ರಲ್ಲಿ 'ದ ಪೆಂಗ್ವಿನ್' ಸರಣಿಯ ನಾದಿಯಾ ಮರೋನಿ, 2025ರಲ್ಲಿ 'ದ ವೀಲ್ ಆಫ್ ಟೈಮ್' ಸರಣಿಯ ಎಲೈದಾ. ಎಪ್ಪತ್ತು ದಾಟಿದ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗಿದ್ದಾಳೆ, ಮೈಸೂರಿನಲ್ಲೇ. ಕಳೆದ ಚಳಿಗಾಲ ನಾನು ಸಂಜೆ ಹೊತ್ತು 'ಗೊಜಾರೆಶ್'ನ ಆ ಮಸುಕು ಪ್ರತಿ ಹಾಕಿಕೊಂಡು ಕೂತಿದ್ದೆ. ಅಮ್ಮ ಕೆಳಗೆ ಕೂತು, ಮೊರದಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಪರದೆ ನೋಡಿದ್ದು ಕಡಿಮೆ. ಆಜಮ್ ಗಂಡನ ಮೇಲೆ ಏರಿಹೋದಾಗ ತಲೆಯೆತ್ತದೆ, "ದುಡ್ಡಿನ ಜಗಳ ಅಲ್ವಾ?" ಎಂದಳು. ಹೌದಮ್ಮ ಎಂದೆ.

ವಾರ ಕಳೆದಿರಬೇಕು. ಅಮ್ಮ ಒಳಗೆ ಒಗ್ಗರಣೆಗೆ ನಿಂತಿದ್ದಳು, ನಾನು 'ದ ಎಕ್ಸ್‌ಪ್ಯಾನ್ಸ್' ಹಾಕಿದ್ದೆ. ಅವಸರಾಲ ಯಾರನ್ನೋ ಬೈಯುತ್ತಿದ್ದಳು, ಇಂಗ್ಲಿಷಿನಲ್ಲಿ. ಅಮ್ಮನಿಗೆ ಅದರಲ್ಲಿ ಒಂದು ಪದವೂ ಅರ್ಥವಾಗುವುದಿಲ್ಲ. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಸೀರೆಯುಟ್ಟ ಆ ಮುದುಕಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಆವತ್ತು ಗಂಡನ ಜೊತೆ ಜಗಳ ಆಡ್ತಿದ್ದೋಳಲ್ವಾ ಇವಳು?" ಎಂದಳು. "ಎಷ್ಟು ವಯಸ್ಸಾಗಿದೆ ನೋಡು ಪಾಪ. ದನಿ ಹಾಗೇ ಇದೆ."